ಡೀಸೆಲ್ ಬಂದ ಮೇಲೂ ಬಂದರಿನ ಮಂಜುಗಡ್ಡೆ ಒಡೆಯುವ ಹಡಗುಗಳಲ್ಲಿ ಉಗಿ ಎಂಜಿನ್ ಏಕೆ ಉಳಿಯಿತು?

ಉಗಿ ಎಂಜಿನ್ ಚಟ್ಟನೆ ಹಿಂದೆ-ಮುಂದೆ ತಿರುಗುತ್ತದೆ, ಅದೇ ಮುಖ್ಯ ಕಾರಣ. 1933ರಲ್ಲಿ ಕಟ್ಟಿದ ಜರ್ಮನಿಯ 'ಸ್ಟೆಟಿನ್' ಹಡಗನ್ನೇ ನೋಡಿ. ಎರಡು ಕಲ್ಲಿದ್ದಲು ಬಾಯ್ಲರ್, ಸುಮಾರು 2,200 ಅಶ್ವಶಕ್ತಿಯ ಎಂಜಿನ್. ಈಗ ಪೋಲೆಂಡಿನಲ್ಲಿರುವ ಸ್ಟೆಟಿನ್ ಬಂದರಿನಿಂದ ಸಮುದ್ರದವರೆಗಿನ ದಾರಿ ತೆರೆದಿಡುವುದು ಅದರ ಕೆಲಸವಾಗಿತ್ತು. ಯುದ್ಧದ ನಂತರ ಎಲ್ಬೆ ನದಿಯಲ್ಲಿ 1981ರವರೆಗೂ ದುಡಿಯಿತು.

ಗಡ್ಡೆ ದಪ್ಪವಾಗಿದ್ದರೆ ಹಡಗು ಹಿಂದೆ ಸರಿದು, ವೇಗವಾಗಿ ಬಂದು, ಇಳಿಜಾರಾದ ಮೂತಿಯನ್ನು ಅದರ ಮೇಲೇರಿಸಿ ತನ್ನ ಭಾರದಿಂದಲೇ ಮುರಿಯಬೇಕು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಉಗಿ ಎಂಜಿನ್‌ನಲ್ಲಿ ಇದು ಕೆಲವೇ ಸೆಕೆಂಡುಗಳ ಮಾತು. ಪ್ರೊಪೆಲ್ಲರ್‌ಗೆ ನೇರವಾಗಿ ಜೋಡಿಸಿದ ಡೀಸೆಲ್ ಎಂಜಿನ್ನನ್ನಾದರೆ ಪ್ರತಿ ಸಲ ನಿಲ್ಲಿಸಿ, ಒತ್ತಿಟ್ಟ ಗಾಳಿಯಿಂದ ಮತ್ತೆ ಚಾಲೂ ಮಾಡಬೇಕು. ಗಾಳಿ ತೀರಿದರೆ ಹಡಗು ಅಲ್ಲೇ ಬಾಕಿ. ಗಡ್ಡೆ ಸಿಕ್ಕಿ ಪ್ರೊಪೆಲ್ಲರ್ ನಿಧಾನವಾದರೂ ಉಗಿ ಪೂರ್ತಿ ಬಲದಿಂದ ನೂಕುತ್ತಲೇ ಇರುತ್ತದೆ, ಡೀಸೆಲ್ ನಿಂತೇ ಹೋಗುತ್ತದೆ. ಡೀಸೆಲ್ ಎಂಜಿನ್ ವಿದ್ಯುತ್ ಹುಟ್ಟಿಸಿ, ಮೋಟಾರು ಪ್ರೊಪೆಲ್ಲರ್ ತಿರುಗಿಸುವ ಡೀಸೆಲ್-ಎಲೆಕ್ಟ್ರಿಕ್ ಹಡಗುಗಳಲ್ಲಿ ಈ ತೊಡಕಿಲ್ಲ.

ಉಗಿ ಹಡಗಿಗೆ ನಿಜವಾದ ಕಾಟ ಪುಡಿಯಾದ ಮಂಜುಗಡ್ಡೆಯದು. ಹಡಗಿನ ತಳದಲ್ಲಿ ನೀರೆಳೆಯುವ ಬಾಯಿಗೆ ಅದು ಮೆತ್ತಿಕೊಂಡರೆ, ಬಳಸಿದ ಉಗಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್‌ಗೆ ತಣ್ಣೀರು ಸಿಗುವುದಿಲ್ಲ, ಅದರೊಳಗಿನ ನಿರ್ವಾತ ಕೆಡುತ್ತದೆ, ಎಂಜಿನ್ ಸೊರಗುತ್ತದೆ. ಕಂಡೆನ್ಸರ್‌ನಿಂದ ಹೊರಬೀಳುವ ಬೆಚ್ಚನೆಯ ನೀರನ್ನೇ ಆ ಬಾಯಿಗೆ ತಿರುಗಿಸುವುದು ಇದಕ್ಕೆ ಮದ್ದು. ಇನ್ನೊಂದು ಕಾಟ, ಬಾಯ್ಲರ್‌ನ ಕುಲುಮೆಯ ಜಾಲರಿಗೆ ಕಟ್ಟುವ ಕಿಟ್ಟ, ಅಂದರೆ ಕಲ್ಲಿದ್ದಲ ಬೂದಿ ಕರಗಿ ಗಟ್ಟಿಯಾದ ಉಂಡೆ. ಅದನ್ನು ಎಳೆದು ತೆಗೆಯಲು ಬಾಗಿಲು ತೆರೆದರೆ ತಣ್ಣನೆಯ ಗಾಳಿ ನುಗ್ಗಿ ಉಗಿಯ ಒತ್ತಡ ಇಳಿಯುತ್ತದೆ. ಅದಕ್ಕೇ ಒಂದು ಸಲಕ್ಕೆ ಒಂದೇ ಕುಲುಮೆ ಸ್ವಚ್ಛಮಾಡಬೇಕು, ಅದೂ ಗಡ್ಡೆ ತೆಳುವಾಗಿರುವ ಕಡೆ.