ಪಿಜಿಗಳಿಗೆ ಸಂಶೋಧನಾ ನೀತಿಯ ಪಾಠ: ಸ್ಲೈಡು ಕೇಳಿದವರಿಗೆ ನನ್ನ ಉತ್ತರ

ಮೊದಲ ವರ್ಷದ ಪಿಜಿಗಳಿಗೆ (ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ) ಎರಡು ಗಂಟೆಯಲ್ಲಿ, ಬೇಸರವಾಗದಂತೆ, ಸಂಶೋಧನಾ ನೀತಿಯನ್ನು ಕಲಿಸಲು ಯಾವ ಪ್ರಕರಣಗಳನ್ನು ಸ್ಲೈಡಿಗೆ ಹಾಕಬೇಕೆಂದು ಕೇಳಿದ್ದೀರಿ. ಒಂಬತ್ತು ವರ್ಷ ಇದೇ ತರಗತಿಯನ್ನು ತೆಗೆದುಕೊಂಡವಳು ನಾನು. ನನ್ನ ಸ್ಲೈಡುಗಳು ಚೆನ್ನಾಗಿಯೇ ಇದ್ದವು: ಮನುಷ್ಯರ ಮೇಲಿನ ಪ್ರಯೋಗಗಳಿಗೆ ನಿಯಮ ಹಾಕಿದ 1947ರ ನ್ಯೂರೆಂಬರ್ಗ್ ಸಂಹಿತೆ ಮತ್ತು 1964ರ ಹೆಲ್ಸಿಂಕಿ ಘೋಷಣೆ, ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ರೋಗಿಗಳಿಗೆ ಚಿಕಿತ್ಸೆ ಕೊಡದೆ ಗಮನಿಸುತ್ತ ಕುಳಿತ ಕಥೆ. ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯಲು ಕೊಟ್ಟ ಎಚ್‌ಪಿವಿ ಲಸಿಕೆ ಯೋಜನೆಯಲ್ಲಿ ತಂದೆತಾಯಿಯರ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದನ್ನು, 2010ರಲ್ಲಿ ಆ ಯೋಜನೆ ನಿಂತದ್ದನ್ನು ಹೇಳುವಾಗ ತರಗತಿಯಲ್ಲಿ ಪಿಸುಮಾತೂ ಇರುತ್ತಿರಲಿಲ್ಲ. ಅದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಸಿಟ್ಟಾದ ಹುಡುಗಿಯೇ ಮುಂದೆ ನನ್ನ ಬಳಿ ಥೀಸಿಸ್‌ಗೆ ಬಂದಳು.

ವಿಷಯ ಗರ್ಭಿಣಿಯರ ರಕ್ತಹೀನತೆ. ಮಾಮೂಲು ತಪಾಸಣೆಗೆ ತೆಗೆಯುವ ರಕ್ತದ ಜೊತೆಗೆ ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ಅಳೆಯಲು ಇನ್ನೂ 3 ಮಿ.ಲೀ. ಬೇಕಿತ್ತು, ಅಷ್ಟೆ. ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯವರು ಕಡತ ನೋಡಲು ಬರುವ ಹಿಂದಿನ ವಾರ ಹನ್ನೊಂದು ಹೆಂಗಸರ ಅಂಕಿಗಳು ಮಾಸ್ಟರ್ ಚಾರ್ಟಿನಲ್ಲಿವೆ, ಒಪ್ಪಿಗೆ ಪತ್ರಗಳು ಮಾತ್ರ ಖಾಲಿಯಿವೆ ಎಂಬುದು ನನ್ನ ಕಣ್ಣಿಗೆ ಬಿತ್ತು. ಓಪಿಡಿ ಗದ್ದಲದಲ್ಲಿ ಬಿಟ್ಟುಹೋಯಿತೆಂದು ಆಕೆ ಹೇಳಿದಳು. ಯಾರದೋ ಫೋನು ಬರುತ್ತಿತ್ತು. ನಾನು “ಫೈಲ್ ಸರಿಮಾಡಿಬಿಡಮ್ಮ” ಎಂದು ಫೋನೆತ್ತಿಕೊಂಡೆ.

ಆ ಮಾತನ್ನು ಬಿಡಿಸಿ ನೋಡದೆ ನನಗೆ ವಿಧಿಯಿಲ್ಲ. ಕಮಿಟಿಯ ಮುಂದೆ ನಾನು ಅದಕ್ಕೆ ಕೊಟ್ಟ ಅರ್ಥ, “ನಿಯಮದ ಪ್ರಕಾರ ಕ್ರಮ ತೆಗೆದುಕೋ” ಎಂದು. ಆದರೆ ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಯಾವ ನಿಯಮವೂ ಇರಲಿಲ್ಲ. ಕಡತ ಸರಿಯಾಗಿ ಕಾಣಲಿ, ಹೇಗೆ ಎಂಬುದು ನನಗೆ ತಿಳಿಯದಿರಲಿ ಎಂಬ ಆಸೆಯಿತ್ತು. ಆಕೆ ಅದನ್ನು ಸರಿಯಾಗಿಯೇ ಅರ್ಥಮಾಡಿಕೊಂಡಳು. ಮೂರೇ ದಿನದಲ್ಲಿ ಹನ್ನೊಂದು ಹೆಬ್ಬೆಟ್ಟುಗಳು ಬಂದವು: ಒಂದೇ ಇಂಕ್ ಪ್ಯಾಡಿನ ನೇರಳೆ, ಒಂದೇ ಪೆನ್ನಿನಲ್ಲಿ ಹಳೆಯ ತಾರೀಖುಗಳು, ಸಾಕ್ಷಿಯ ಜಾಗದಲ್ಲಿ ಎಲ್ಲದಕ್ಕೂ ಒಬ್ಬನೇ ಇಂಟರ್ನ್. ಒಂದು ತಾರೀಖಂತೂ ಓಪಿಡಿಯೇ ಇಲ್ಲದ ಭಾನುವಾರ. ಕಮಿಟಿಗಿಂತ ಮೊದಲು ಹಿಡಿದದ್ದು ಒಬ್ಬ ಗರ್ಭಿಣಿ. ನನ್ನ ಬಾಗಿಲಲ್ಲಿ ನಿಂತು, “ರಕ್ತ ಆವತ್ತ ತಗೊಂಡ್ರಲ್ರೀ ಮೇಡಂ, ಹೆಬ್ಬೆಟ್ಟು ಈಗ್ಯಾಕ್ರೀ?” ಎಂದು ಕೇಳಿದರು.

ಆ ಹನ್ನೊಂದು ಮಂದಿಯ ಮಾಹಿತಿಯನ್ನು ಪಕ್ಕಕ್ಕಿಟ್ಟು, ಒಪ್ಪಿಗೆಯಿಲ್ಲದೆ ರಕ್ತ ತೆಗೆದದ್ದನ್ನು ಅಂದೇ ಕಮಿಟಿಗೆ ಬರೆದು ತಿಳಿಸಿದ್ದರೆ ಅದು ಒಂದು ಲೋಪವಾಗಿ ದಾಖಲಾಗುತ್ತಿತ್ತು. ಹಳೆಯ ತಾರೀಖು ಬಿದ್ದೊಡನೆ ಅದು ಸುಳ್ಳು ದಾಖಲೆಯಾಯಿತು. ಆಕೆಯ ಪರೀಕ್ಷೆ ಆರು ತಿಂಗಳು ಮುಂದೆ ಹೋಯಿತು. ನನಗೆ ಮೂರು ವರ್ಷ ಹೊಸ ವಿದ್ಯಾರ್ಥಿಗಳನ್ನು ಕೊಡಲಿಲ್ಲ. ಶಿಕ್ಷೆ ಸಮನಾಗಿರಲಿಲ್ಲ ಎಂಬುದು ನನಗೆ ಗೊತ್ತಿದೆ.

ಆದ್ದರಿಂದ, ಪಾಠ ರೋಚಕವಾದರೆ ಮನಸ್ಸಿಗೆ ಹತ್ತುತ್ತದೆ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ನಿಯಮಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿವೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆಯ ಆನ್‌ಲೈನ್ ಕೋರ್ಸು ಪಿಜಿಗಳಿಗೆ ಹೇಗೂ ಕಡ್ಡಾಯ. ನಿಮ್ಮ ಎರಡು ಗಂಟೆಯನ್ನು ಅದಕ್ಕೆ ಸುರಿಯಬೇಡಿ. ಪ್ರತಿಯೊಬ್ಬರೂ ತಮ್ಮದೇ ಸಿನಾಪ್ಸಿಸ್‌ನ (ಥೀಸಿಸ್ ಯೋಜನೆಯ) ಕನ್ನಡ ಒಪ್ಪಿಗೆ ಪತ್ರವನ್ನು ತಂದು ವಾರ್ಡಿನ ಆಯಾ ಒಬ್ಬರಿಗೆ ಓದಿ ಹೇಳಲಿ, ಅವರಿಗೆ ಅರ್ಥವಾದದ್ದನ್ನು ಅವರ ಬಾಯಿಂದಲೇ ಕೇಳಲಿ. “ಯಾದೃಚ್ಛಿಕ ಹಂಚಿಕೆ” (ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು) ಎಂದು ಒಬ್ಬ ಓದಿದಾಗ ನಮ್ಮ ಆಯಾ, “ಏನ್ ಹಂಚ್ತೀರಿ, ಗುಳಿಗಿ ಏನ್ರೀ?” ಎಂದಿದ್ದರು. ಓದಲು ಬಾರದವರ ಒಪ್ಪಿಗೆಗೆ ಸಾಕ್ಷಿಯಾಗುವವರು ಅಧ್ಯಯನ ತಂಡದ ಹೊರಗಿನವರಾಗಿರಬೇಕು. ಅದೇ ಯುನಿಟ್ಟಿನ ಇಂಟರ್ನ್ ಆಗದು ಎಂಬುದನ್ನು ಅಲ್ಲೇ ತೋರಿಸಿ.

ಥೀಸಿಸ್ ಮಾಡಿಸುವ ನನ್ನಂಥ ಗೈಡುಗಳನ್ನು ಮೊದಲ ಸಾಲಿನಲ್ಲಿ ಕೂರಿಸಿ. ವಿಭಾಗದ ಮುಖ್ಯಸ್ಥರು ಒಪ್ಪದಿದ್ದರೆ ತರಗತಿಯನ್ನೇ ತೆಗೆದುಕೊಳ್ಳಬೇಡಿ. ಕೊನೆಯ ಇಪ್ಪತ್ತು ನಿಮಿಷ ಹನ್ನೊಂದು ಖಾಲಿ ಪತ್ರಗಳಿರುವ ಒಂದು ಫೈಲನ್ನು ಮೇಜಿನ ಮೇಲಿಟ್ಟು, ಕಮಿಟಿಗೆ ಕಾಗದ ಬರೆಯಲು ಹೇಳಿ. ಮಾದರಿ ಕೊಡಬೇಡಿ. ವಿದ್ಯಾರ್ಥಿ ಬರೆಯಲಿ, ಕೆಳಗೆ ಗೈಡು ಅಂದಿನ ತಾರೀಖಿನೊಂದಿಗೆ ಸಹಿ ಹಾಕಲಿ.