ಆಂಪೂಲ್ ಲೆಕ್ಕ ಕೇಳಿದರೆ ಅವಮಾನವೇ?

ಕಳೆದ ಸಂಚಿಕೆಯಲ್ಲಿ ರೋಗಿಗಳನ್ನು ಕೊಂದ ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ಶಿಪ್‌ಮನ್ ಬಗ್ಗೆ ಬಂದ ಲೇಖನ ಓದಿ ನಿವೃತ್ತ ನರ್ಸ್ ಒಬ್ಬರು ನೊಂದು ಬರೆದಿದ್ದಾರೆ: "ಎಲ್ಲೋ ಒಬ್ಬ ಕೆಟ್ಟವನಿದ್ದನೆಂದು ಇಡೀ ವೃತ್ತಿಯನ್ನು ಕಟಕಟೆಗೆ ಎಳೆಯುತ್ತೀರಾ? ಅನುಮಾನ ಹೊಕ್ಕ ಮೇಲೆ ರೋಗಿ ನಮ್ಮ ಕೈಯಿಂದ ಮಾತ್ರೆ ನುಂಗಿಯಾನೇ?"

ಅನುಮಾನ ಹಾದಿ ತಪ್ಪಿದ್ದುಂಟು, ಸಿಸ್ಟರ್. ನೆದರ್ಲೆಂಡ್ಸ್‌ನ ನರ್ಸ್ ಲೂಸಿಯಾ ಡಿ ಬರ್ಕ್ ಅವರ ಪಾಳಿಯಲ್ಲೇ ಸಾವು ಹೆಚ್ಚು ಎಂಬ ಎಡವಟ್ಟು ಲೆಕ್ಕವನ್ನೂ ಮುಂದಿಟ್ಟು 2003ರಲ್ಲಿ ಜೀವಾವಧಿ ವಿಧಿಸಿದರು. 2010ರಲ್ಲಿ ನ್ಯಾಯಾಲಯವೇ ಅವರನ್ನು ನಿರ್ದೋಷಿ ಎಂದಿತು. ಅಷ್ಟನ್ನು ಒಪ್ಪಿದೆವು.

ಆದರೆ ಶಿಪ್‌ಮನ್ ಪ್ರಕರಣವನ್ನು ಇನ್ನೊಮ್ಮೆ ನೋಡಿ. ಚಟ ಹಿಡಿಸುವ ನೋವುಶಾಮಕ ಪೆಥಿಡಿನ್‌ಗಾಗಿ ಸುಳ್ಳು ಚೀಟಿ ಬರೆದು 1976ರಲ್ಲೇ ದಂಡ ಕಟ್ಟಿದವನು. ಮುಂದೆ "ಅಂಥ ಔಷಧ ನಾನು ಇಟ್ಟುಕೊಳ್ಳುವುದೇ ಇಲ್ಲ" ಎಂದ, ಅವುಗಳ ಲೆಕ್ಕದ ರಿಜಿಸ್ಟರ್ ಇಡುವುದು ತಪ್ಪಿತು. ಅದೇ ಜಾತಿಯ ನೋವುಶಾಮಕ ಡೈಮಾರ್ಫಿನ್ ಮಾತ್ರ ರೋಗಿಗಳ ಹೆಸರಿನ ಚೀಟಿಗಳಲ್ಲಿ, ತೀರಿಹೋದ ಕ್ಯಾನ್ಸರ್ ರೋಗಿಗಳ ಮನೆಯಲ್ಲಿ ಉಳಿದ ಆಂಪೂಲ್‌ಗಳಲ್ಲಿ (ಚುಚ್ಚುಮದ್ದಿನ ಪುಟ್ಟ ಗಾಜಿನ ಶೀಶೆಗಳಲ್ಲಿ) ಬರುತ್ತಲೇ ಇತ್ತು. ಅದು ಉಸಿರನ್ನು ಅದುಮುವ ಔಷಧ, ಅದನ್ನೇ ಚುಚ್ಚುತ್ತಿದ್ದ. ಮನೆಯವರು ಬಂದಾಗ ಅಜ್ಜಿ ಕುರ್ಚಿಯಲ್ಲೇ ನಿದ್ದೆಹೋದಂತೆ ಕಾಣುತ್ತಿದ್ದರು. ಸಾವಿನ ನಂತರ ಕಂಪ್ಯೂಟರ್ ತೆರೆದು ಹಳೆಯ ತಾರೀಕು ಹಾಕಿ ಎದೆನೋವು ಇತ್ತೆಂದು ಬರೆಯುತ್ತಿದ್ದ. ನಿಜವಾಗಿ ಟೈಪ್ ಮಾಡಿದ ಗಳಿಗೆ ಹಾರ್ಡ್ ಡಿಸ್ಕಿನಲ್ಲಿ ಉಳಿಯುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

ಅವನ ದಹನ ಅರ್ಜಿಗಳಿಗೆ ಎರಡನೇ ಸಹಿ ಹಾಕುತ್ತಿದ್ದ ಪಕ್ಕದ ಕ್ಲಿನಿಕ್ಕಿನ ವೈದ್ಯೆ ಲಿಂಡಾ ರೆನಾಲ್ಡ್ಸ್ 1998ರ ಮಾರ್ಚಿನಲ್ಲೇ ಎಚ್ಚರಿಸಿದ್ದರು. ಶವಸಂಸ್ಕಾರದವರಿಗೂ ಅನುಮಾನವಿತ್ತು. ಪೊಲೀಸರು ಅವನ ಹಳೆಯ ಶಿಕ್ಷೆಯನ್ನೂ ಹುಡುಕದೆ ಕಡತ ಮುಚ್ಚಿದರು. ಆಮೇಲೆ ಇನ್ನೂ ಮೂವರು ಹೆಂಗಸರು ಸತ್ತರು. 2002ರಲ್ಲಿ ವಿಚಾರಣಾ ಆಯೋಗ ಲೆಕ್ಕ ಹಾಕಿದಾಗ ಕೊಲೆಗಳು 215.

ಜರ್ಮನಿಯ ನರ್ಸ್ ನೀಲ್ಸ್ ಹೋಗೆಲ್ ಮೇಲೆ ಓಲ್ಡೆನ್‌ಬುರ್ಗ್‌ನ ಆಸ್ಪತ್ರೆಗೆ ಗುಮಾನಿ ಬಂದಾಗ ಅವನಿಗೆ ಸಿಕ್ಕಿದ್ದು ಒಳ್ಳೆಯ ಶಿಫಾರಸು ಪತ್ರ. ಅದನ್ನು ಹಿಡಿದು ಡೆಲ್ಮೆನ್‌ಹೋರ್ಸ್ಟ್‌ಗೆ ಹೋದ, ಅಲ್ಲೂ ಕೊಂದ. 2019ರಲ್ಲಿ 85 ಕೊಲೆಗಳು ಸಾಬೀತಾದವು. ರೋಗಿಗಳನ್ನು ಕೊಂದ ಅಮೆರಿಕದ ನರ್ಸ್ ಚಾರ್ಲ್ಸ್ ಕಲೆನ್ 16 ವರ್ಷಗಳಲ್ಲಿ ಒಂಬತ್ತು ಆಸ್ಪತ್ರೆ, ಒಂದು ಶುಶ್ರೂಷಾಲಯ ಸುತ್ತಿದ. ಕಂಪ್ಯೂಟರ್ ಅಳವಡಿಸಿದ ಔಷಧದ ಬೀರುವಿನಲ್ಲಿ ಬೇಡಿಕೆ ಒತ್ತಿ, ತಕ್ಷಣ ರದ್ದು ಮಾಡುತ್ತಿದ್ದ. ಡ್ರಾಯರ್ ಅಷ್ಟರಲ್ಲಿ ತೆರೆದಿರುತ್ತಿತ್ತು. ರದ್ದಾದ ಬೇಡಿಕೆಗಳ ಪಟ್ಟಿ ಯಂತ್ರದಲ್ಲೇ ಇತ್ತು, ಓದುವವರಿರಲಿಲ್ಲ.

ನಮ್ಮ ಸಿಟ್ಟು ಇದರ ಮೇಲೆ. ಕೊಲೆಗಾರನ ಮನಸ್ಸನ್ನು ಬಗೆಯಲು ಎಲ್ಲರಿಗೂ ಆಸೆ, ರಿಜಿಸ್ಟರ್ ತಿರುವಿಹಾಕಲು ಬೇಸರ. ಸಂಸ್ಥೆಯ ಹೆಸರು ಕೆಡಬಾರದೆಂದು ಪೀಡೆಯನ್ನು ಪಕ್ಕದ ಮನೆಗೆ ದಾಟಿಸುತ್ತಾರೆ, ಕಿರಿಯ ನರ್ಸ್ ಬಾಯಿಬಿಟ್ಟರೆ ಅಧಿಕಪ್ರಸಂಗಿ ಎನ್ನುತ್ತಾರೆ. ಮಾಡಬೇಕಾದ್ದೇನೂ ಬ್ರಹ್ಮವಿದ್ಯೆಯಲ್ಲ. ಒಡೆದ ಆಂಪೂಲಿನಲ್ಲಿ ಉಳಿದದ್ದನ್ನು ಆಗಲೇ, ಇನ್ನೊಬ್ಬರ ಕಣ್ಣೆದುರು ಚೆಲ್ಲಿ, ಇಬ್ಬರೂ ಸಹಿ ಹಾಕಬೇಕು. ಪಾಳಿ ಮುಗಿದ ಮೇಲೆ ಒಟ್ಟಿಗೆ ಸಹಿ ಹಾಕಿದರೆ ಆ ಸಹಿಗೆ ಬೆಲೆಯಿಲ್ಲ. ಕಾರಣವಿಲ್ಲದೆ ರೋಗಿಯ ರಕ್ತದ ಸಕ್ಕರೆ ಕುಸಿದರೆ ಯಾರಾದರೂ ಇನ್ಸುಲಿನ್ ಚುಚ್ಚಿರಬಹುದು, ಗ್ಲೂಕೋಸ್ ಏರಿಸುವ ಸೂಜಿಯಲ್ಲೇ ಮೊದಲು ಒಂದು ಟ್ಯೂಬ್ ರಕ್ತ ತೆಗೆದಿಡಿ: ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ತೀರಾ ಕಡಿಮೆಯಿದ್ದರೆ ಆ ಇನ್ಸುಲಿನ್ ಹೊರಗಿನಿಂದ ಬಂದದ್ದು, ಏಕೆಂದರೆ ದೇಹ ಎರಡನ್ನೂ ಜೊತೆಗೇ ತಯಾರಿಸುತ್ತದೆ.

ಸಿಸ್ಟರ್, ಇಷ್ಟು ವರ್ಷ ನೀವು ಆಂಪೂಲ್ ಲೆಕ್ಕಕ್ಕೆ ಎರಡನೇ ಸಹಿ ಹಾಕಿದ್ದೀರಿ. ಆಂಪೂಲನ್ನು ಕಣ್ಣಾರೆ ನೋಡದೆ ಹಾಕೆನೆಂದು ಎಂದಾದರೂ ಹಟ ಹಿಡಿದಿದ್ದರೆ, ಆಗ ಮೇಲಿನವರು ಏನೆಂದರು ಎಂಬುದನ್ನೂ ಸೇರಿಸಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಬಿಟ್ಟಿರುತ್ತೇವೆ.