ಆಪ್ತ ಸಲಹೆ: ಅತ್ತೆಯ ಮರೆವು, ಸೊಸೆಯ ನಿದ್ದೆ

ಪ್ರಶ್ನೆ: ನಮ್ಮ ಅತ್ತೆಗೆ 76 ವರ್ಷ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಎಂದು ಡಾಕ್ಟರ್ ಹೇಳಿದ್ದಾರೆ. ಊಟ ಮಾಡಿ ಕೈ ತೊಳೆದ ಮೇಲೂ ‘ನಂಗೆ ಊಟಾನೇ ಹಾಕಿಲ್ಲ’ ಎಂದು ಪಕ್ಕದ ಮನೆಯವರಿಗೆ ಹೇಳುತ್ತಾರೆ. ಸಂಜೆಯಾದರೆ ‘ಮನೆಗೆ ಹೋಗ್ತೀನಿ’ ಎಂದು ಬ್ಯಾಗು ಹಿಡಿದು ಬಾಗಿಲಿಗೆ ಬರುತ್ತಾರೆ. ರಾತ್ರಿ ನನಗೆ ನಿದ್ದೆಯಿಲ್ಲ. ಹಬ್ಬಕ್ಕೆ ಬಂದ ನಾದಿನಿ ‘ಅಮ್ಮನ್ನ ಸರಿಯಾಗಿ ನೋಡ್ಕೊಳ್ತಿಲ್ಲ’ ಎಂದು ಹೇಳಿ ಹೋದರು. ಏನು ಮಾಡಲಿ ಮೇಡಂ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಷಯ. ಅದು ಅತ್ತೆಯ ಚಿಕಿತ್ಸೆಯ ಒಂದು ಭಾಗ ಎಂದೇ ತಿಳಿಯಿರಿ, ಯಾಕಂದ್ರೆ ನೀವು ಹಾಸಿಗೆ ಹಿಡಿದರೆ ಅವರನ್ನು ನೋಡುವವರು ಯಾರು? ವಾರದಲ್ಲಿ ಎರಡು ರಾತ್ರಿಯಾದರೂ ನಿಮ್ಮ ಯಜಮಾನರು ಅವರ ಅಮ್ಮನ ಕೋಣೆಯಲ್ಲಿ ಮಲಗಲಿ, ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ನಾದಿನಿಯ ಜೊತೆ ಜಗಳ ಬೇಡ. ‘ಅಕ್ಕ, ಒಂದು ವಾರ ನೀವಿದ್ದು ನೋಡ್ಕೊಳ್ಳಿ, ನಾನು ತವರಿಗೆ ಹೋಗಿ ಬರ್ತೀನಿ’ ಎಂದು ದಿನ ಹೇಳಿಯೇ ಕೇಳಿ. ‘ಸ್ವಲ್ಪ ಸಹಾಯ ಮಾಡಿ’ ಎಂದು ಸುಮ್ನೆ ಕೇಳಿದರೆ ಯಾರೂ ಬರುವುದಿಲ್ಲ. ಮಾತ್ರೆ, ಸ್ನಾನ, ರಾತ್ರಿ ಎಷ್ಟು ಸಲ ಏಳುತ್ತಾರೆ, ಎಲ್ಲಾ ಒಂದು ಹಾಳೆಯಲ್ಲಿ ಬರೆದುಕೊಡಿ. ಕೆಲಸ ಎಷ್ಟಿದೆ ಎಂದು ಅವರಿಗೂ ಗೊತ್ತಾಗುತ್ತೆ.

ಊಟ ಹಾಕಿಲ್ಲ ಎನ್ನುವುದು ನಿಮ್ಮ ಮೇಲಿನ ದೂರಲ್ಲ. ಈ ಕಾಯಿಲೆಯಲ್ಲಿ ಹಳೆಯದು ಉಳಿದು ಈಗಷ್ಟೇ ಆಗಿದ್ದು ಮೊದಲು ಅಳಿಸಿ ಹೋಗುತ್ತೆ, ಹಾಗಾಗಿ ‘ಈಗ ತಾನೇ ಉಂಡ್ರಲ್ಲ’ ಎಂದು ವಾದಿಸಿದರೆ ಅವರಿಗೆ ಸಿಟ್ಟು ಬರುತ್ತೆ, ನಿಮಗೆ ಅಳು ಬರುತ್ತೆ, ಅಷ್ಟೇ. ಮೊದಲು ಕಮ್ಮಿ ಬಡಿಸಿ. ಉಂಡ ತಟ್ಟೆ ಸ್ವಲ್ಪ ಹೊತ್ತು ಎದುರಿಗೇ ಇರಲಿ. ಮತ್ತೆ ಕೇಳಿದರೆ ಒಂದು ಹಿಡಿ ಮಂಡಕ್ಕಿ ಕೊಡಿ. ಪಕ್ಕದ ಮನೆಯವರಿಗೆ ಕಾಯಿಲೆಯ ಹೆಸರು ಹೇಳಿಬಿಡಿ, ಮುಚ್ಚಿಡುವುದರಿಂದಲೇ ತೊಂದರೆ ಜಾಸ್ತಿ. ಅತ್ತೆ ಒಬ್ಬರೇ ಬೀದಿಗೆ ಬಂದದ್ದು ಕಂಡರೆ ಫೋನ್ ಮಾಡುವವರೂ ಅವರೇ ಅಲ್ವಾ?

ಸಂಜೆ ಹೊತ್ತಿನ ಗಾಬರಿ ಈ ಕಾಯಿಲೆಯಲ್ಲಿ ಬಹಳ ಜನರಿಗೆ ಇರುತ್ತೆ. ಕತ್ತಲಾಗುವ ಮುಂಚೆಯೇ ಮನೆಯ ಲೈಟೆಲ್ಲಾ ಹಾಕಿ. ಕೈಗೆ ಬಿಡಿಸಲು ಅವರೆಕಾಯಿಯೋ ಕಟ್ಟಲು ಹೂವೋ ಕೊಡಿ. ‘ಇದೇ ನಿಮ್ಮನೆ’ ಎನ್ನಬೇಡಿ, ಅವರು ಕೇಳುತ್ತಿರುವುದು ತವರುಮನೆಯೂ ಇರಬಹುದು. ‘ನಿಮ್ಮನೆ ಹಿತ್ತಲಲ್ಲಿ ಏನೇನು ಗಿಡ ಇತ್ತು ಅತ್ತೆ?’ ಎಂದು ಕೇಳಿ, ಕೂತು ಮಾತಾಡಿಸಿ. ಆ ಬ್ಯಾಗಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಯಾವಾಗಲೂ ಇರಲಿ.

ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯಾ? ಇವೆರಡರ ಕೊರತೆಯಿಂದಲೂ ಮರೆವು ಬರುತ್ತೆ, ಆ ಪಾಲು ಔಷಧಿಯಿಂದ ಕಮ್ಮಿಯಾಗಬಹುದು. ಕಿವಿ ಮಂದವಿದ್ದರೆ ಅದನ್ನೂ ತೋರಿಸಿ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ನಡೆಸುವ ‘ಕಭಿ’ ಯೋಜನೆಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಇವೆ, ನಿಮ್ಮೂರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಮನಸ್ಸಿಗೆ ತೀರಾ ಭಾರವಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಮಾತು. ಒಂದೆರಡು ದಿನದಲ್ಲೇ ಗೊಂದಲ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮರೆವು ಮುಂದುವರಿಯಿತು ಎಂದು ಸುಮ್ಮನಾಗಬೇಡಿ, ಮೂತ್ರದ ಸೋಂಕಿನಿಂದಲೂ ಹಾಗಾಗುತ್ತೆ. ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.